ನಾನು ಹೊಡೆದುಹಾಕಿದ ಒಂದು ಸಾಲು

ತನ್ನ ಸ್ವತ್ವವನ್ನು ಬಿಟ್ಟುಕೊಟ್ಟು, ಅದೇ ವಸ್ತುವಿನಲ್ಲಿ ಪರರ ಸ್ವತ್ವವನ್ನುಂಟುಮಾಡುವುದೇ ದಾನವೆಂದು ಶಾಸ್ತ್ರಜ್ಞರು ಹೇಳುವರು. ಈ ಲಕ್ಷಣವನ್ನು ಕಲಿತು, ಅನೇಕ ವರ್ಷ ಹುಡುಗರಿಗೂ ಕಲಿಸಿದವನು ನಾನು. ಆ ಪಾಂಡಿತ್ಯವೇ ಒಬ್ಬ ವೃದ್ಧೆಯ ತಲೆಯ ಮೇಲಣ ಸೂರು ಹೋಗುವುದಕ್ಕೆ ಕಾರಣವಾಯಿತೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಬೀದಿಯಲ್ಲಿ ಒಬ್ಬ ವಿಧವೆಯಿದ್ದರು. ಎಂಟು ವರ್ಷಗಳ ಹಿಂದೆ ಅವರು ತಮ್ಮ ಮನೆಯನ್ನು ಒಬ್ಬನೇ ಮಗನ ಹೆಸರಿಗೆ ಮಾಡಿಕೊಡಲು ನಿಶ್ಚಯಿಸಿ, ಪತ್ರಬರಹಗಾರನು ಬರೆದ ಕರಡನ್ನು ತಿದ್ದಿಸಿಕೊಳ್ಳಲು ನನ್ನಲ್ಲಿಗೆ ತಂದರು. ದಾನ ಪಡೆದವನು ದಾನಿಯ ಜೀವಮಾನಪರ್ಯಂತ ಆಕೆಗೆ ಅನ್ನ, ವಸ್ತ್ರ, ವಾಸಸ್ಥಳ, ಔಷಧೋಪಚಾರಗಳನ್ನು ಒದಗಿಸತಕ್ಕದ್ದೆಂದು ಅದರ ಕಡೆಯಲ್ಲಿ ಒಂದು ಸಾಲಿದ್ದಿತು. ನಾನು ನಕ್ಕು, "ಹೆತ್ತ ಮಗನೊಡನೆ ಕರಾರೇನಮ್ಮಾ! ಷರತ್ತು ಹಾಕಿ ಕೊಟ್ಟರೆ ಅದು ದಾನವಾಗದು, ವ್ಯಾಪಾರವಾದೀತು" ಎಂದು ಆ ಸಾಲನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿದೆನು. ಅವರಿಗೂ ಸಮಾಧಾನವಾಯಿತು, ಮಗನ ಮುಂದೆ ಅದನ್ನು ಓದಿಸಲು ಅವರ ಮನಸ್ಸು ಮೊದಲೇ ಅಳುಕಿದ್ದಿತು.

ಮಗನು ದುಷ್ಟನಲ್ಲ. ವ್ಯಾಪಾರದಲ್ಲಿ ಸಾಲವಾಯಿತು, ಮೂರನೆಯ ವರ್ಷ ಮನೆಯನ್ನು ಮಾರಿ, ಹೆಂಡತಿಮಕ್ಕಳೊಡನೆ ಪಟ್ಟಣದ ಬಾಡಿಗೆಮನೆಯೊಂದಕ್ಕೆ ಹೊರಟುಹೋದನು. ಅಲ್ಲಿ ತಾಯಿಗೆ ಸ್ಥಳ ಸಾಲದಾಯಿತು. ಅವರು ಮಗಳಲ್ಲಿ ಎರಡು ತಿಂಗಳು, ತಂಗಿಯಲ್ಲಿ ಎರಡು ತಿಂಗಳು ಎಂಬಂತೆ ಬಟ್ಟೆಯ ಗಂಟನ್ನು ಹಿಡಿದು ತಿರುಗಿದರು. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, "ಆ ಸಾಲು ಇದ್ದಿದ್ದರೆ ಏನಾದರೂ ಆಗುತ್ತಿತ್ತೆ, ಮೇಷ್ಟ್ರೆ?" ಎಂದು ಕೇಳಿದರು. ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ; ತಿಳಿಯಬೇಕೆಂಬ ಇಚ್ಛೆ ಮಾತ್ರವಿದ್ದಿತು. ನನಗೆ ಉತ್ತರ ತಿಳಿಯದು.

ಆ ಮೇಲೆ ಕಾನೂನನ್ನು ಓದಿದೆನು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಕ್ಕಾಗಿ 2007ರಲ್ಲಿ ಒಂದು ಅಧಿನಿಯಮವಾಗಿದೆ. ಸ್ವಂತ ಸಂಪಾದನೆಯಿಂದಾಗಲಿ ಸ್ವತ್ತಿನಿಂದಾಗಲಿ ಜೀವಿಸಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. 60 ವರ್ಷ ತುಂಬಿದ ಮಕ್ಕಳಿಲ್ಲದವರು, ತಮ್ಮ ಆಸ್ತಿಯನ್ನು ಅನುಭವಿಸುವ ಅಥವಾ ಮುಂದೆ ಹೊಂದಲಿರುವ ಬಂಧುವಿನಿಂದ ಕೇಳಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯು ಇದನ್ನು ವಿಚಾರಿಸುತ್ತದೆ. ನೋಟೀಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನು 30 ದಿನಗಳ ಅವಕಾಶವುಂಟು. ಮೊತ್ತವು ತಿಂಗಳಿಗೆ 10,000 ರೂಪಾಯಿಗಳನ್ನು ಮೀರಲಾಗದು.

ಅವರ ಪ್ರಶ್ನೆಗೆ ಉತ್ತರವು 23ನೆಯ ಪ್ರಕರಣದಲ್ಲಿದ್ದಿತು. ಪೋಷಿಸಬೇಕೆಂಬ ಷರತ್ತಿನೊಡನೆ ಹಿರಿಯರು ಕೊಟ್ಟ ಆಸ್ತಿಯನ್ನು ಪಡೆದವನು ಅವರನ್ನು ಪೋಷಿಸದೆ ಹೋದರೆ, ಆ ಪತ್ರವನ್ನು ರದ್ದುಪಡಿಸಬಹುದು. ಅಂತಹ ಷರತ್ತೇ ಇಲ್ಲದಿದ್ದರೆ ಈ ಪ್ರಕರಣವು ನೆರವಾಗದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ಮಧ್ಯಪ್ರದೇಶದ ತಾಯಿಯೊಬ್ಬಳಿಗೆ ಆಕೆಯ ಆಸ್ತಿಯನ್ನು ಮರಳಿ ಕೊಡಿಸಿತು. ದಾನಪತ್ರದಲ್ಲಿ ಪೋಷಣೆಯ ಮಾತಿದ್ದಿತು, ಮಗನು ಬೇರೊಂದು ವಚನಪತ್ರವನ್ನೂ ಬರೆದುಕೊಟ್ಟಿದ್ದನು. ನಾನು ಹೊಡೆದುಹಾಕಿದುದು ಅಂತಹ ಮಾತನ್ನೇ ಅಲ್ಲವೆ?

ಅದನ್ನು ಅವರಿಗೆ ಮುಚ್ಚಿಡದೆ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೇನು ಬೇಕೆಂದು ಮಾಡಿದಿರೆ" ಎಂದರು. ಜೀವನಾಂಶದ ಅರ್ಜಿಯನ್ನು ನಾನೇ ಬರೆದುಕೊಟ್ಟೆನು. ಮಗನು ತಲೆತಗ್ಗಿಸಿ ಒಪ್ಪಿಕೊಂಡನು. ತಿಂಗಳು ತಿಂಗಳೂ ಹಣವು ಬರುತ್ತಿದೆ, ಮನೆಯು ಬರಲಿಲ್ಲ.

ಷರತ್ತು ಬರೆದರೆ ಪ್ರೀತಿಗೆ ಕುಂದೆಂದು ನಮ್ಮಲ್ಲಿ ಅನೇಕರು ಭಾವಿಸುವರು. ನಾನೂ ಹಾಗೆಯೇ ಭಾವಿಸಿದ್ದೆನು. ಆದರೆ ಮಗನು ಒಳ್ಳೆಯವನಾದರೂ ಅವನ ಕಾಲವು ಒಳ್ಳೆಯದಾಗಿರಬೇಕೆಂಬ ನಿಯಮವಿಲ್ಲ. ಅವನ ಸಾಲಗಾರರು ನಮ್ಮ ಮಕ್ಕಳಲ್ಲ. ಆ ಸಾಲು ಕೆಟ್ಟ ಕಾಲದಲ್ಲಿ ತಾಯಿಯನ್ನು ಕಾಯುವುದು; ಮಗನನ್ನು ಪಶ್ಚಾತ್ತಾಪದಿಂದ ಕಾಯುವುದು. ಇದೂ ಬೇಡವೆನ್ನುವವರು ಉಯಿಲನ್ನು ಬರೆದಿಡಲಿ. ಬದುಕಿರುವವರೆಗೂ ಮನೆಯು ತಮ್ಮದಾಗಿಯೇ ಉಳಿಯುವುದು. ಬೇಕಾದಾಗ ಅದನ್ನು ಬದಲಿಸಲೂ ಬಹುದು.

ನನಗೂ ಅರುವತ್ತು ತುಂಬಿತು. ಮನೆಯ ಪತ್ರದ ಮಾತು ನಮ್ಮಲ್ಲಿಯೂ ಎದ್ದಿದೆ. ಈ ಸಲ ಕರಡನ್ನು ಪತ್ರಬರಹಗಾರನಿಗೇ ಬಿಟ್ಟಿದ್ದೇನೆ. ಅವನು ಆ ಸಾಲನ್ನು ಬರೆದೇ ಬರೆಯುವನು. ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಅದನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದಿದ್ದೇನೆ.