ಹದಿನಾರರ ನೆನಪು, ನಲವತ್ತಾರರ ಮೈ

ಮನುಷ್ಯನಿಗೆ ಮರೆವು ಸಹಜವೆಂದು ಹಿರಿಯರು ಹೇಳುತ್ತಾರೆ. ದೇಹದ ವಿಷಯದಲ್ಲಿ ಈ ಮಾತು ಪೂರ್ತಿಯಾಗಿ ಸಲ್ಲದೆಂಬುದು ನಮ್ಮ ಅನುಭವ. ಒಮ್ಮೆ ಈಜು ಕಲಿತವನನ್ನು ಮೂವತ್ತು ವರ್ಷಗಳ ತರುವಾಯ ನೀರಿಗಿಳಿಸಿದರೂ ಕೈಕಾಲುಗಳು ತಮ್ಮ ಕೆಲಸವನ್ನು ತಾವೇ ನೆನೆದುಕೊಳ್ಳುತ್ತವೆ. ಉಸಿರು ಮಾತ್ರ ಇಪ್ಪತ್ತು ಗಜ ಹೋಗುವುದರೊಳಗೆ ಕೈಕೊಡುತ್ತದೆ.

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಈ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ನಮಗೆ ಹೊಳೆದ ವಿಷಯ ಇದೇ. ನಲವತ್ತಾರನೆಯ ವಯಸ್ಸಿನಲ್ಲಿ ಮರಳಿ ಆಟಗಾರರಾಗಲು, ಅದರಲ್ಲಿಯೂ ಟ್ರಯತ್ಲಾನ್ ಎಂಬ ಸ್ಪರ್ಧೆಗೆ ಸಿದ್ಧರಾಗಲು, ನಾವು ಒಂದು ವರ್ಷದಿಂದ ಸಾಧನೆ ನಡೆಸುತ್ತಿದ್ದೇವೆ. 'ನಾವು' ಎಂದರೆ ಒಬ್ಬರೇ. ಆದರೂ ಈಜುವವನು, ಸೈಕಲ್ಲು ತುಳಿಯುವವನು, ಓಡುವವನು ಎಂಬ ಮೂವರು ಒಂದೇ ಮೈಯಲ್ಲಿ ಬಿಡಾರ ಹೂಡಿರುವುದರಿಂದ ಬಹುವಚನ ಅತಿಶಯವಾಗಲಾರದು.

ಈ ಮೂರು ವಿದ್ಯೆಗಳನ್ನು ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೊಂದಾಗಿ ಮುಗಿಸುವುದೇ ಟ್ರಯತ್ಲಾನ್. 1974ನೆಯ ಇಸವಿಯ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೇಗೋ ನಗರದ ಓಟಗಾರರ ಸಂಘವೊಂದು ಮಿಷನ್ ಬೇ ಎಂಬಲ್ಲಿ ಈ ಹೆಸರಿನ ಪಂದ್ಯವನ್ನು ಏರ್ಪಡಿಸಿತು. 1978ರಲ್ಲಿ ಹವಾಯಿಯಲ್ಲಿ ಹದಿನೈದು ಮಂದಿ ಸಾಹಸಿಗಳು ಸಮುದ್ರದಲ್ಲಿ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ಲು ತುಳಿದು, ಅದರ ಮೇಲೆ ಪೂರ್ತಿ ಮ್ಯಾರಥಾನ್ ಓಡಲು ಹೊರಟರು. ಹನ್ನೆರಡು ಮಂದಿ ಗುರಿ ಮುಟ್ಟಿದರು. 2000ದಲ್ಲಿ ಸಿಡ್ನಿಯ ಒಲಿಂಪಿಕ್ಸಿಗೆ ಈ ಪಂದ್ಯ ಸೇರಿತು. ಅಲ್ಲಿಯ ಅಳತೆ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್ಲು, 10 ಕಿಲೋಮೀಟರ್ ಓಟ. ನಮ್ಮ ಕಣ್ಣಿರುವುದು ಅದರ ಸರಿಯರ್ಧದ ಮೇಲೆ. ಹವಾಯಿಯ ದಾರಿ ನಮಗೆ ಬೇಡ.

ಈ ವಯಸ್ಸಿನಲ್ಲಿ ಇದೇಕೆಂದು ಬಂಧುಗಳು ಕೇಳುತ್ತಾರೆ. ನಮ್ಮ ತೀರ್ಥರೂಪರು ಮುಂಬಯಿಯ ಹೋಟೆಲೊಂದರ ಗಲ್ಲೆಯಲ್ಲಿ ಮೂವತ್ತು ವರ್ಷ ಕುಳಿತು ನಮ್ಮನ್ನು ಓದಿಸಿದವರು. ಸಕ್ಕರೆಯ ಕಾಯಿಲೆ ಅವರ ಕಣ್ಣನ್ನು ತಿಂದಿತು. ಕೊನೆಯ ನಾಲ್ಕು ವರ್ಷ ಪ್ರತಿ ಮುಂಜಾನೆ ಕನ್ನಡ ಪತ್ರಿಕೆಯನ್ನು ನಾವು ಓದಿ ಹೇಳಬೇಕು, ಅವರು ಗೋಡೆಯ ಕಡೆ ಮುಖ ಮಾಡಿ ಕೇಳಬೇಕು. ಹೋದ ವರ್ಷ ನಮ್ಮ ರಕ್ತಪರೀಕ್ಷೆಯ ಕಾಗದವನ್ನು ನೋಡಿದ ಡಾಕ್ಟರರು, "ತಂದೆಯವರ ದಾರಿಯಲ್ಲೇ ಹೊರಟಿದ್ದೀರಿ, ಗಡಿಯನ್ನು ಇನ್ನೂ ದಾಟಿಲ್ಲ" ಎಂದರು. ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಅಷ್ಟಾಗಿ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಹೀರಿಕೊಳ್ಳುತ್ತದೆಂದು ತಿಳಿಸಿದವರೂ ಅವರೇ. ಹೃದಯದ ಪರೀಕ್ಷೆ ಮಾಡಿಸಿ, ಅವರ ಒಪ್ಪಿಗೆ ಪಡೆದು, ನಾವು ಹಳೆಯ ಗೆಳೆಯನನ್ನು ಹುಡುಕುವಂತೆ ಹಳೆಯ ಆಟವನ್ನು ಹುಡುಕಿಕೊಂಡು ಹೋದೆವು.

ಹತ್ತನೆಯ ತರಗತಿಯಲ್ಲಿ ನಾವು 1500 ಮೀಟರನ್ನು ಐದು ನಿಮಿಷದೊಳಗೆ ಓಡಿದ್ದುಂಟು. (ಅದೇ ವರ್ಷ ವ್ಯಾಯಾಮದ ಅವಧಿಗಳನ್ನೆಲ್ಲ ಬೀಜಗಣಿತ ನುಂಗಿತು, ಓಟವೂ ಅಲ್ಲಿಗೆ ನಿಂತಿತು.) ಮರಳಿ ಬಂದ ಆಟಗಾರನಿಗೆ ಇಂಥ ನೆನಪೇ ನೆರವು, ಅದೇ ಅಪಾಯ. ಇದರ ಮರ್ಮವನ್ನು ಮೊದಲ ವಾರದಲ್ಲಿಯೇ ನಮಗೆ ಬಿಡಿಸಿ ಹೇಳಿದವರು ಅಂಗಮರ್ದನ ಚಿಕಿತ್ಸೆಯ ತರುಣಿಯೊಬ್ಬರು. ಬಿಟ್ಟ ಸಾಧನೆಯನ್ನು ಮತ್ತೆ ಹಿಡಿದರೆ ಹೃದಯ, ಶ್ವಾಸಕೋಶ, ರಕ್ತ ಇವು ಕೆಲವು ವಾರಗಳಲ್ಲಿಯೇ ಚೇತರಿಸಿಕೊಳ್ಳುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಹಗ್ಗಗಳು, ಅಂದರೆ ಸ್ನಾಯುರಜ್ಜುಗಳು, ಹಾಗಲ್ಲ. ಅವಕ್ಕೆ ರಕ್ತದ ಸರಬರಾಜು ಕಡಿಮೆ; ಬಲಗೊಳ್ಳಲು ತಿಂಗಳುಗಳೇ ಬೇಕು. ಎದೆ "ಓಡು" ಎನ್ನುತ್ತದೆ, ಹಿಮ್ಮಡಿ "ತಾಳು" ಎನ್ನುತ್ತದೆ. ಎದೆಯ ಮಾತು ಕೇಳಿದವರು ಹಿಮ್ಮಡಿ ಹಿಡಿದುಕೊಂಡು ಮನೆಗೆ ಮರಳುತ್ತಾರೆ.

ಆದುದರಿಂದ ಮೊದಲ ಎರಡು ತಿಂಗಳು ನಾವು ಶಿವಾಜಿ ಪಾರ್ಕಿನಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೆವು. ಉಸಿರು ಸಲೀಸಾದ ಮೇಲೂ ನಡೆಯುವುದು ತಪಸ್ಸಿಗಿಂತ ಕಠಿಣ! ಹತ್ತು ವರ್ಷದ ಬಾಲಕನೊಬ್ಬನು ನಮ್ಮನ್ನು ದಾಟಿ ಹೋಗಿ, ಹಿಂತಿರುಗಿ ಬಂದು, "ಕಾಕಾ, ದಮಲಾತ್ ಕಾ?" ಎಂದು ಮರಾಠಿಯಲ್ಲಿ ಕರುಣೆಯಿಂದ ವಿಚಾರಿಸಿದನು. ದಣಿವಾಗಿಲ್ಲವೆಂದು ಅವನಿಗೆ ವಿವರಿಸಲು ಸ್ನಾಯುರಜ್ಜುವಿನ ಪಾಠ ಹೇಳಬೇಕಾಗುತ್ತಿತ್ತು; ಸುಮ್ಮನೆ ನಕ್ಕೆವು.

ಈಜಿನ ಕಥೆಯೇ ಬೇರೆ. ಬೇಸಿಗೆಯ ರಜೆಯಲ್ಲಿ ಕುಂದಾಪುರದ ಕಡೆಯ ಅಜ್ಜಿಯ ಊರಿಗೆ ಹೋದಾಗ, ಎರಡು ಒಣಗಿದ ತೆಂಗಿನಕಾಯಿಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟಿ ನಮ್ಮನ್ನು ಕೆರೆಗೆ ಇಳಿಸುತ್ತಿದ್ದರು. ಆ ಈಜಿನಲ್ಲಿ ತಲೆ ಸದಾ ನೀರಿನ ಮೇಲೆ. ಈಗಿನ ಕೊಳದ ಶಿಕ್ಷಕರು ಅದನ್ನು ನೋಡಿ, "ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಸಾಹೇಬರೇ, ನೀವು ಈಜುತ್ತಿಲ್ಲ, ನೀರನ್ನು ಹತ್ತುತ್ತಿದ್ದೀರಿ" ಎಂದರು. ಮುಖವನ್ನು ನೀರಿನಲ್ಲಿಟ್ಟು ಉಸಿರನ್ನು ಅಲ್ಲಿಯೇ ನಿಧಾನವಾಗಿ ಬಿಡಬೇಕು. ಮಗ್ಗುಲಾಗಿ ಹೊರಳಿದ ಕ್ಷಣದಲ್ಲಿ ಒಳಕ್ಕೆ ಎಳೆದುಕೊಳ್ಳಬೇಕು. ಕೇಳಲು ಇಷ್ಟೇ. ಕೈಗೂಡಲು ಮಳೆಗಾಲವೊಂದು ಕಳೆಯಿತು. ಈಗ 750 ಮೀಟರನ್ನು ಇಪ್ಪತ್ತೆರಡು ನಿಮಿಷಗಳಲ್ಲಿ ಮುಗಿಸುತ್ತೇವೆ. ಮೀನುಗಳು ನಕ್ಕರೂ ನಮಗೆ ಬೇಸರವಿಲ್ಲ.

ಸೈಕಲ್ಲಿನ ವಿಷಯದಲ್ಲಿ ಹೇಳುವುದು ಕಡಿಮೆ. ಭಾನುವಾರ ಬೆಳಗಾಗುವ ಮುನ್ನ ಮರೀನ್ ಡ್ರೈವಿನ ಕಡಲದಂಡೆಯಲ್ಲಿ ಹೋಗಿಬರುವುದು; ಮಳೆಗಾಲದಲ್ಲಿ ರಸ್ತೆಯ ಗುಂಡಿಗಳಿಗೆ ನಮಸ್ಕರಿಸಿ, ಸೈಕಲ್ಲನ್ನು ಮನೆಯೊಳಗೇ ಸ್ಟ್ಯಾಂಡಿಗೆ ಬಿಗಿದು ತುಳಿಯುವುದು. ಸೈಕಲ್ಲಿನಿಂದ ಇಳಿದೊಡನೆ ಓಡುವುದೇ ನಿಜವಾದ ಪರೀಕ್ಷೆ. ಒಂದೇ ಬಗೆಯಲ್ಲಿ ಸುತ್ತುತ್ತಿದ್ದ ಕಾಲು ಥಟ್ಟನೆ ಮೈಭಾರವನ್ನು ಹೊರಬೇಕಾದಾಗ ಮರದ ಕೊರಡಿನಂತಾಗುತ್ತದೆ. ಈ ಜೋಡಿ ಅಭ್ಯಾಸಕ್ಕೆ ಇಂಗ್ಲಿಷಿನಲ್ಲಿ 'ಬ್ರಿಕ್' ಎನ್ನುತ್ತಾರೆ, ಎಂದರೆ ಇಟ್ಟಿಗೆ. ಕಾಲಿನ ತೂಕ ಕಂಡವರಿಗೆ ಹೆಸರು ಸಾರ್ಥಕವೆನಿಸೀತು.

ಬೇಸರ ಬಂದ ದಿನ ನಾವು ನೆನೆಯುವುದು ಫ್ಲೋರಾ ಡಫಿ ಎಂಬಾಕೆಯನ್ನು. ಬರ್ಮುಡಾ ಎಂಬ ಪುಟ್ಟ ದ್ವೀಪದ ಈಕೆ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಪಂದ್ಯವನ್ನು ಮುಗಿಸಲಾರದೆ ಹೋದರು. ಬಳಿಕ ಆಟವನ್ನೇ ಬಿಟ್ಟು ಅಮೆರಿಕದ ಕೊಲರಾಡೋದಲ್ಲಿ ವಿಶ್ವವಿದ್ಯಾನಿಲಯದ ಓದಿಗೆ ತೊಡಗಿದರು. ಮತ್ತೆ ಮನಸ್ಸಾಗಿ ಮರಳಿದರು. 2012ರಲ್ಲಿ ಲಂಡನ್ನಿನಲ್ಲಿ ಸೈಕಲ್ಲಿನಿಂದ ಬಿದ್ದರು. 2016ರಲ್ಲಿ ರಿಯೋದಲ್ಲಿ ಎಂಟನೆಯವರಾದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ತಮ್ಮ ನಾಡಿಗೆ ಮೊಟ್ಟಮೊದಲ ಚಿನ್ನದ ಪದಕವನ್ನು ತಂದರು. ಆಕೆಗೂ ನಮಗೂ ಯಾವ ಹೋಲಿಕೆಯೂ ಇಲ್ಲ. ಬಿಟ್ಟು ಹೋಗಿ ಮರಳಿದವರೆಂಬ ಒಂದೇ ನಂಟು.

ಮೊನ್ನೆಯ ಪರೀಕ್ಷೆಯಲ್ಲಿ ನಮ್ಮ ಸಕ್ಕರೆ ಗಡಿಯಿಂದ ಸ್ವಲ್ಪ ಹಿಂದಕ್ಕೆ ಸರಿದಿದೆ. ಡಾಕ್ಟರರು ಹೊಗಳಲಿಲ್ಲ, ಆರು ತಿಂಗಳಿಗೆ ಮತ್ತೆ ಬರಹೇಳಿದ್ದಾರೆ.

ಸ್ಪರ್ಧೆಗೆ ಇನ್ನು ಏಳು ವಾರಗಳಿವೆ. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಶಿರಸ್ತ್ರಾಣದ ಪಟ್ಟಿಯನ್ನು ಬಿಗಿಯದೆ ಸೈಕಲ್ಲನ್ನು ಅದರ ನೆಲೆಯಿಂದ ತೆಗೆಯಕೂಡದೆಂದು ನಿಯಮವಿದೆ. ಈಗ ಪ್ರತಿ ಸಂಜೆ ನಮ್ಮ ಕಟ್ಟಡದ ಗಚ್ಚಿನ ಮೇಲೆ ಇದರ ತಾಲೀಮು. ಒಂದು ಬಕೆಟ್ ನೀರು ಮೈಮೇಲೆ ಸುರಿದುಕೊಂಡು, ಓಡಿ, ಶಿರಸ್ತ್ರಾಣ ತೊಟ್ಟು, ಒದ್ದೆ ಕಾಲನ್ನು ಬೂಟಿಗೆ ತುರುಕಿ ಸೈಕಲ್ಲನ್ನು ಹಿಡಿಯಬೇಕು. ನೆರೆಮನೆಯ ಮಕ್ಕಳು ಗಡಿಯಾರ ಹಿಡಿದು ಕೂಗುತ್ತಾರೆ. ಸ್ನಾನದ ಮನೆಯಿಂದ ಆಫೀಸಿಗೆ ಹೊರಡಲು ಒಂದು ಗಂಟೆ ತೆಗೆದುಕೊಳ್ಳುವವರು ಇದನ್ನು ಹೇಗೆ ಸಾಧಿಸುತ್ತಾರೆಂಬುದು ನಮ್ಮ ಮನೆಯವರ ಸಂದೇಹ. ಮೊದಲ ದಿನ ನಾಲ್ಕು ನಿಮಿಷವಾಗಿತ್ತು. ನಿನ್ನೆ ಒಂದು ನಿಮಿಷ ಐವತ್ತು ಸೆಕೆಂಡು. ಎಡಗಾಲಿನ ಬೂಟು ಮಾತ್ರ ಇನ್ನೂ ಹಟ ಮಾಡುತ್ತಿದೆ.