ಗುರಿ ಮುಟ್ಟುವ ಮದ್ದು

ಕ್ಯಾನ್ಸರ್ ಎಂಬ ಹೆಸರನ್ನು ಮನೆಯೊಳಗೆ ಗಟ್ಟಿಯಾಗಿ ಉಚ್ಚರಿಸಲು ಅಂಜುವವರು ನಮ್ಮ ಕಾಸರಗೋಡಿನ ಕಡೆ ಈಗಲೂ ಉಂಟು. ಕಳೆದ ವರ್ಷ ನಮ್ಮ ದೊಡ್ಡಮ್ಮನವರಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದಾಗ ನಾವು ಆ ಅಂಜಿಕೆಯನ್ನು ಬದಿಗಿಡಬೇಕಾಯಿತು. ಮೂರನೆಯ ಸಲ ಡಾಕ್ಸೊರುಬಿಸಿನ್ ಎಂಬ ಕೆಂಪು ಮದ್ದನ್ನು ಏರಿಸಿಕೊಂಡು ಬಂದ ವಾರ, ತಲೆಗೂದಲು ಉದುರಿ, ಬಾಯಿ ಹುಣ್ಣಾಗಿ, ಗಂಜಿಯೂ ಸೇರದಿದ್ದಾಗ ಅವರು ಕೇಳಿದರು: "ಅಡಿಕೆಗೆ ಮದ್ದು ಬಿಡುವವನು ಗೊನೆಗೇ ಗುರಿಯಿಡುತ್ತಾನೆ. ಈ ಮದ್ದು ಮಾತ್ರ ಮೈಯೆಲ್ಲ ಯಾಕೆ ಸುತ್ತಬೇಕು? ಗುರಿ ಮುಟ್ಟುವ ಹೊಸ ಮದ್ದು ಬರುತ್ತದಂತೆ. ಅಲ್ಲಿಯವರೆಗೆ ಇದನ್ನು ನಿಲ್ಲಿಸೋಣ."

ಉತ್ತರಕ್ಕಾಗಿ ನಾವು ಓದತೊಡಗಿದೆವು. ಬೇಗಬೇಗನೆ ವಿಭಜಿಸುವ ಜೀವಕೋಶಗಳನ್ನು ಈ ಮದ್ದು ಕೊಲ್ಲುತ್ತದೆ. ಕೂದಲ ಬೇರು, ಬಾಯಿಯ ಒಳಪೊರೆಗಳಲ್ಲಿರುವುವೂ ಅಂಥವೇ ಆದುದರಿಂದ ಅವೂ ಪೆಟ್ಟು ತಿನ್ನುತ್ತವೆ. ಆದ್ದರಿಂದ ವಿಜ್ಞಾನಿಗಳು ಮದ್ದನ್ನು ಪಾಲಿಮರ್ ಎಂಬ ಸರಪಳಿಯಂಥ ಅಣುಗಳ ಸೂಕ್ಷ್ಮ ಕಣಗಳೊಳಗೆ ತುಂಬಲು ಯತ್ನಿಸಿದ್ದಾರೆ. ಇಂಥ ಕಣದ ಗಾತ್ರ ಸುಮಾರು 100 ನ್ಯಾನೊಮೀಟರ್, ಎಂದರೆ ತಲೆಗೂದಲ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲು.

ಕಣ ಎಲ್ಲಿ ಬಿಚ್ಚಿಕೊಳ್ಳಬೇಕೆಂದು ತಿಳಿಸುವುದು ಹುಳಿ. ನಮ್ಮ ರಕ್ತದ ಪಿಎಚ್ ಅಂಕ 7.4, ಅಂಕ ತಗ್ಗಿದಷ್ಟೂ ಹುಳಿ ಹೆಚ್ಚು. ಗೆಡ್ಡೆಯು ಸಕ್ಕರೆಯನ್ನು ಉರಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುವುದರಿಂದ ಅದರ ಸುತ್ತ ಅಂಕ ಹಲವೊಮ್ಮೆ 6.5ರ ಸಮೀಪಕ್ಕಿಳಿಯುತ್ತದೆ. ಕಣವನ್ನು ನುಂಗಿದ ಜೀವಕೋಶದ ಸಂಚಿಯೊಳಗೆ ಅದು 5ರಿಂದ 6. ರಕ್ತದಲ್ಲಿ ಗಟ್ಟಿಯಾಗಿರುವ ಬಂಧಗಳು ಆ ಹುಳಿಯಲ್ಲಿ ಕಡಿದು ಮದ್ದು ಹೊರಬೀಳುವಂತೆ ಕಣವನ್ನು ಕಟ್ಟುತ್ತಾರೆ. ಶಾಖಕ್ಕೆ, ಬೆಳಕಿಗೆ ಬಿಚ್ಚಿಕೊಳ್ಳುವ ಕಣಗಳೂ ಉಂಟು.

ಇದು ಬರಿಯ ಕನಸಲ್ಲ. ಇದೇ ಕೆಂಪು ಮದ್ದನ್ನು ಕೊಬ್ಬಿನ ಕಣದಲ್ಲಿ ತುಂಬಿದ ಡಾಕ್ಸಿಲ್‌ಗೆ 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದರಿಂದ ಹೃದಯಕ್ಕಾಗುವ ಹಾನಿ ಕಡಿಮೆ. ಆದರೆ ಶಾಖಕ್ಕೆ ತೆರೆದುಕೊಳ್ಳುವ ಥರ್ಮೊಡಾಕ್ಸ್ ಯಕೃತ್ತಿನ ಕ್ಯಾನ್ಸರಿನ ದೊಡ್ಡ ಪರೀಕ್ಷೆಯಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲವೆಂದು 2013ರಲ್ಲಿ ತಿಳಿದುಬಂತು. ಹಲವು ವರ್ಷಗಳ ಪ್ರಯೋಗಗಳನ್ನು ಕೂಡಿಸಿ ನೋಡಿದ 2016ರ ಲೆಕ್ಕವೊಂದರಂತೆ, ಪ್ರಾಣಿಗಳಿಗೆ ಕೊಟ್ಟ ನ್ಯಾನೊಕಣಗಳಲ್ಲಿ ಗೆಡ್ಡೆಯನ್ನು ಸೇರಿದುದು ನಡುಮಟ್ಟದಲ್ಲಿ ಶೇಕಡಾ 0.7 ಮಾತ್ರ. ಹುಳಿಯನ್ನರಿತು ಬಿಚ್ಚಿಕೊಳ್ಳುವ ಪಾಲಿಮರ್ ಕಣಗಳು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿಯೇ ಉಳಿದಿವೆ.

ಇದನ್ನೆಲ್ಲ ಮರೆಮಾಚದೆ ನಾವು ದೊಡ್ಡಮ್ಮನವರಿಗೆ ಹೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಕೊಳೆರೋಗ ಹೊಸ ಮದ್ದಿಗಾಗಿ ಕಾಯುವುದಿಲ್ಲ. ಕೈಯಲ್ಲಿರುವುದನ್ನೇ ಬಿಡಬೇಕು" ಎಂದರು. ನಾಲ್ಕನೆಯ ಸಲಕ್ಕೆಂದು ಮಂಗಳೂರಿನ ಬಸ್ಸು ಹತ್ತಿದೆವು. ಈಗ ಅವರ ತಲೆಯಲ್ಲಿ ಬೆರಳುದ್ದ ಕೂದಲು ಬಂದಿದೆ. ಮುಂದಿನ ತಪಾಸಣೆಗಳು ಇನ್ನೂ ಉಳಿದಿವೆ.

ಇಂಥ ಕಷ್ಟವನ್ನು ಕಂಡ ಮನೆಗಳಿಗೆ ನಮ್ಮ ಬಿನ್ನಹವಿಷ್ಟೆ. ಹೊಸ ಮದ್ದಿನ ಸುದ್ದಿ ಓದಿ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿರಿ. ವಾಂತಿಗೆ, ಬಾಯಿಹುಣ್ಣಿಗೆ ಉಪಶಮನದ ಮದ್ದುಗಳು ಇಂದೇ ಉಂಟು. ಸಹಿಸಿಕೊಂಡು ಸುಮ್ಮನಿರದೆ, ಬಲ್ಲ ಭಾಷೆಯಲ್ಲಿ ವೈದ್ಯರನ್ನು ಕೇಳಿರಿ.