ತೊಳೆದವರಿಗೆ ಗೊತ್ತು

ಬಚ್ಚಲ ಒಲೆಗೆ ಇನ್ನೊಂದು ಮಡಲು ತಳ್ಳಿ ಹತ್ತಿರ ಬನ್ನಿ ಮಕ್ಕಳೇ, ಹೇಳುತ್ತೇನೆ.

2011ರ ಮಾರ್ಚ್ 7ರ ಸಂಜೆ ನಿಮ್ಮಜ್ಜಿ ಇದೇ ಒಲೆಯ ಮುಂದೆ ಕೂತಿದ್ದಳು. ರೇಡಿಯೊದಲ್ಲಿ ಅರುಣಾ ಶಾನಭಾಗ ಎಂಬ ಹೆಸರು ಬಂದದ್ದೇ ತಡ, "ಸುಮ್ಮನಿರಿ, ನಮ್ಮ ಹಳದೀಪುರದ ಹುಡುಗಿ" ಎಂದಳು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. 1973ರ ನವೆಂಬರ್‌ನಲ್ಲಿ ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವಳ ಕುತ್ತಿಗೆ ಬಿಗಿದ. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಲೇಖಕಿ ಪಿಂಕಿ ವಿರಾನಿ, ಅವಳನ್ನು ನೆಮ್ಮದಿಯಿಂದ ಹೋಗಗೊಡಿ ಎಂದು ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟಿದ್ದರು. ಆಸ್ಪತ್ರೆಯ ದಾದಿಯರು ಒಪ್ಪಲಿಲ್ಲ. ಅಷ್ಟು ವರ್ಷ ಮೈಗೆ ಒಂದು ಹಾಸಿಗೆ ಹುಣ್ಣೂ ಆಗದಂತೆ ಕಾಪಾಡಿದವರು ಅವರು. ಅವಳ ಪರವಾಗಿ ಮಾತಾಡುವ ಹಕ್ಕು ಆ ಸಿಬ್ಬಂದಿಯದೇ ಎಂದಿತು ಕೋರ್ಟು. "ತೊಳೆದವರಿಗೆ ಗೊತ್ತು" ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. 2015ರ ಮೇ ತಿಂಗಳಲ್ಲಿ ಅರುಣಾ ನ್ಯುಮೋನಿಯಾದಿಂದ ತೀರಿಕೊಂಡಳು.

2019ರ ಮಳೆಗಾಲದಲ್ಲಿ ಆ ಮಾತು ನಮ್ಮ ಮನೆ ಬಾಗಿಲಿಗೇ ಬಂತು. ಅಪ್ಪನಿಗೆ ಪಾರ್ಶ್ವವಾಯು ಬಡಿದು ವೆಂಟಿಲೇಟರ್ ಹಾಕಿದರು. "ತೀರ್ಮಾನ ಯಾರದು?" ಎಂದರು ಡಾಕ್ಟರು. ನಾವು ಮೂವರು ಅಣ್ಣತಮ್ಮಂದಿರು, ಮೂರು ಮಾತು. ಅಮ್ಮ ಹೋದ ಮೇಲೆ ಆರು ವರ್ಷ ಅಪ್ಪನಿಗೆ ಸ್ನಾನ ಮಾಡಿಸಿ ಗಂಜಿ ಕುಡಿಸಿದವಳು ಸೋದರತ್ತೆ. ಅವಳು ಐಸಿಯು ಬಾಗಿಲ ಬಳಿ ನಿಂತೇ ಇದ್ದಳು. ಹನ್ನೊಂದು ದಿನ ಅವಳನ್ನು ಯಾರೂ ಕೇಳಲಿಲ್ಲ. ಅಪ್ಪ ಹೋದ ರಾತ್ರಿ ಮೆಲ್ಲನೆ ಹೇಳಿದಳು: "ಕೊಳವೆ ಹಾಕಿಸಬೇಡ ತಂಗೀ ಅಂತ ಅಣ್ಣ ನನ್ನ ಹತ್ತಿರ ಹೇಳಿದ್ದ."

ಇಂಥ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಕೋರ್ಟು 2018ರಲ್ಲೇ ಒಪ್ಪಿತ್ತು. ಆಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ನಮಗೆ ಮಾತು ನಿಂತಾಗ ನಮ್ಮ ಪರ ಹೇಳುವವರ ಹೆಸರನ್ನೂ ಅದರಲ್ಲಿ ಕಾಣಿಸಬೇಕು. ಬರೆದಿಟ್ಟರೂ ಚಿಕಿತ್ಸೆ ಸುಮ್ಮನೆ ನಿಲ್ಲಿಸುವುದಿಲ್ಲ. ಎರಡು ವೈದ್ಯ ಮಂಡಳಿಗಳು ನೋಡಿ ಒಪ್ಪಬೇಕು.

ನಾನು ಬರೆದಿಟ್ಟಿದ್ದೇನೆ. ಮೊದಲ ಹೆಸರು ಹಿರಿಮಗನದಲ್ಲ, ನಿಮ್ಮಜ್ಜಿಯದು. ಕಾಗದ ದೇವರ ಕೋಣೆಯ ಪೆಟ್ಟಿಗೆಯಲ್ಲಿದೆ. ನೆನಪಿಟ್ಟುಕೊಳ್ಳಿ. ಅವಳು ಬಾಗಿಲ ಬಳಿ ನಿಂತಿದ್ದರೆ ಒಳಗೆ ಕರೆದು ಮೊದಲು ಅವಳನ್ನು ಕೇಳಿ.